ಅಸುಂಡಿಯ ಗಾಳಿ, ಶಿರಹಟ್ಟಿಯ ಹಡಗು

ಹೋದ ತಿಂಗಳು ಶಿರಹಟ್ಟಿಯ ನನ್ನ ಹಳೆಯ ಶಾಲೆಯವರು ಕರೆದಿದ್ದರು. ನಿವೃತ್ತ ಮಾಸ್ತರರಿಗೆಲ್ಲ ಒಂದು ಶಾಲು, ಒಂದು ತೆಂಗಿನಕಾಯಿ ಕೊಟ್ಟು ಕಳಿಸುವ ಸಮಾರಂಭ. ಶಾಲು ಹೊದ್ದುಕೊಂಡು ನಾಲ್ಕು ಮಾತಾಡಿ ಬಂದರೆ ಮುಗಿಯಿತು ಅಂದುಕೊಂಡು ಹೋದೆ. ಆದರೆ ಅಲ್ಲಿಯ ಕೈಕೆಲಸದ ತರುಣ ಮಾಸ್ತರರು ನನ್ನ ಕೈ ಹಿಡಿದುಕೊಂಡು ಒಂದು ಕೋಣೆಗೆ ಕರೆದೊಯ್ದು, "ನಿಮ್ಮ ಹಡಗ ಇನ್ನೂ ಐತ್ರಿ ಸರ" ಎಂದು ಗಾಜಿನ ಪೆಟ್ಟಿಗೆಯ ಬಾಗಿಲು ತೆಗೆದರು. ತೆಗೆದದ್ದೇ ತಡ, ಜೋಳದ ಗಂಜಿಯ ಸಣ್ಣ ಹುಳಿ ವಾಸನೆ ಮೂಗಿಗೆ ಬಂತು. ಇಷ್ಟು ವರ್ಷ ಆದಮೇಲೂ! ಬೆಟಗೇರಿಯ ನಮ್ಮ ಓಣಿಯಲ್ಲಿ ನೂಲಿಗೆ ಗಂಜಿ ಹಾಕಿ ಒಣಗಿಸುತ್ತಿದ್ದಾಗ ಬರುತ್ತಿದ್ದ ವಾಸನೆ ಅದು. ಕಣ್ಣು ತುಂಬಿ ಬಂತು. ಒರೆಸಿಕೊಂಡು ಹಡಗನ್ನು ಸರಿಯಾಗಿ ನೋಡಿದೆ. ನೋಡಿದೆನೋ ಇಲ್ಲವೋ, ಸಿಟ್ಟು ನೆತ್ತಿಗೇರಿತು. ಯಾಕೆ ಅನ್ನುವುದನ್ನು ಕಡೆಗೆ ಹೇಳುತ್ತೇನೆ. ಆ ಹಡಗು ಕಟ್ಟಿದ ವರ್ಷದ ಕಥೆ ಮೊದಲು ಹೇಳದಿದ್ದರೆ ನನ್ನ ಸಿಟ್ಟು ನಿಮಗೆ ತಿಳಿಯುವುದಿಲ್ಲ.

ಅದು ಕನ್ನಡ ನಾಡು ಒಂದಾದ ವರ್ಷ. ಅದಕ್ಕೂ ಮೊದಲು ನಮ್ಮ ಕಡೆ ಎಂಥ ಪರಿಸ್ಥಿತಿ ಇತ್ತೆಂದು ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾನು ಬೆಟಗೇರಿಯ ನೇಕಾರರ ಮನೆಯವನು. ಬೆಟಗೇರಿ ಬ್ರಿಟಿಷರ ಮುಂಬೈ ಪ್ರಾಂತ್ಯ. ನನಗೆ ನೌಕರಿ ಸಿಕ್ಕಿದ್ದು ಶಿರಹಟ್ಟಿಯಲ್ಲಿ. ಅದು ಒಂದು ಸಂಸ್ಥಾನ. ಪಕ್ಕದ ಲಕ್ಷ್ಮೇಶ್ವರ ಇನ್ನೊಂದು ಸಂಸ್ಥಾನ. ಮುಂಡರಗಿಗೆ ಹೋದರೆ ಮತ್ತೆ ಬ್ರಿಟಿಷರು. ಬೆಳಗ್ಗೆ ಎದ್ದು ಸೈಕಲ್ ಹತ್ತಿದರೆ ಹೊತ್ತು ಮುಳುಗುವುದರೊಳಗೆ ಮೂರು ಸರಕಾರ ದಾಟಿ ಬರಬಹುದಿತ್ತು. ಸಂಸ್ಥಾನದ ಅಧಿಕಾರಿಯೊಬ್ಬರು ನಾನು ಮಾಡಿದ ಒಂದು ಲಾಳಿಯನ್ನು, ಅಂದರೆ ಮಗ್ಗದಲ್ಲಿ ನೂಲು ಹೊತ್ತು ಅತ್ತಿತ್ತ ಓಡುವ ಮರದ ತುಂಡನ್ನು, ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ನಾಳಿಂದ ಶಾಲಿಗೆ ಬಾ, ಹುಡುಗರಿಗೆ ಕೈಕೆಲಸ ಕಲಸು" ಅಂದಿದ್ದರು. ಅಷ್ಟೇ ನನ್ನ ನೇಮಕ. ಬಾಯಿಮಾತು. ಮೀಸೆ ಆಗತಾನೇ ಮೂಡುತ್ತಿದ್ದ ವಯಸ್ಸಿನಲ್ಲಿ ಮಾಸ್ತರ ಆಗಿಬಿಟ್ಟೆ.

ಸ್ವಾತಂತ್ರ್ಯ ಬಂತು. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂತು. ಬಂದದ್ದೇ ನನ್ನ ಸರ್ಟಿಫಿಕೇಟು ಕೇಳಿತು. ನಮ್ಮ ಹೆಡ್ ಮಾಸ್ತರರು ಹೇಗೋ ಏನೋ ಸಂಭಾಳಿಸಿದರು. ಆಮೇಲೆ ನಾಡು ಒಂದಾಯಿತು. ನಾನು ಊರಿನ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದೆ, ಸಿಕ್ಕವರ ಬಾಯಿಗೆಲ್ಲ ಸಕ್ಕರೆ ಹಾಕಿದೆ. ಕೂಗಿದ ಗಂಟಲು ಸರಿಯಾಗುವುದರೊಳಗೆ ಹೊಸ ಸರಕಾರದ ಕಾಗದ ಬಂತು. ಸರ್ಟಿಫಿಕೇಟು ಇಲ್ಲದ ಕೈಕೆಲಸದ ಮಾಸ್ತರರು ಯುಗಾದಿಯ ಹೊತ್ತಿಗೆ ಗದಗಿನಲ್ಲಿ ನಡೆಯುವ ಪ್ರದರ್ಶನಕ್ಕೆ ಸ್ವಂತ ಕೈಯಿಂದ ಮಾಡಿದ ಒಂದು ವಸ್ತು ತರಬೇಕು. ಅಧಿಕಾರಿಗಳು ನೋಡಿ, ನೌಕರಿಯಲ್ಲಿ ಇಟ್ಟುಕೊಳ್ಳುವುದೋ ಬಿಡುವುದೋ ಅಲ್ಲೇ ಬರೆಯುತ್ತಾರೆ.

"ಒಂದು ಚೊಲೋ ಕುರ್ಚಿ ಮಾಡ್ರಿ ಮಾಸ್ತರ, ಸಾಕು" ಅಂದರು ಹೆಡ್ ಮಾಸ್ತರರು.

"ಕುರ್ಚಿ ಯಾರ ಬೇಕಾದ್ರೂ ಮಾಡ್ತಾರ್ರೀ. ನಾ ಹಡಗ ಮಾಡ್ತೀನಿ."

"ಹಡಗ? ಶಿರಹಟ್ಟ್ಯಾಗ?"

"ಮಂಗಳೂರು, ಕಾರವಾರ ಎಲ್ಲಾ ಕೂಡಿ ನಮ್ಮ ರಾಜ್ಯಕ್ಕ ಈಗ ಅಷ್ಟುದ್ದ ಕಡಲ ಬಂದೈತಿ. ಕಡಲ ಬಂದ ಮ್ಯಾಲೆ ಹಡಗ ಬ್ಯಾಡೇನ್ರಿ?"

ಅವರು ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿದರು. "ನೀವು ಕಡಲ ನೋಡೀರೇನು?"

"ಇಲ್ರಿ. ಆದ್ರ ಲಾಳಿ ಮಾಡೀನಿ. ಹಡಗಂದ್ರ ದೊಡ್ಡ ಲಾಳಿನ ಅಲ್ಲೇನ್ರಿ."

ಹಾಗಿತ್ತು ನನ್ನ ಸೊಕ್ಕು. ಆ ಸೊಕ್ಕಿನ ಬಗ್ಗೆ ಈಗಲೂ ನನಗೆ ನಾಚಿಕೆಯಿಲ್ಲ. ಅದಿಲ್ಲದಿದ್ದರೆ ನಾನು ಆ ಕೆಲಸಕ್ಕೆ ಕೈಯೇ ಹಾಕುತ್ತಿರಲಿಲ್ಲ.

ನನ್ನ ಬಳಿ ಇದ್ದದ್ದು ಒಂದು ಹಳೆಯ ಪುಸ್ತಕದಿಂದ ಕಳಚಿಬಿದ್ದ ಚಿತ್ರ ಮಾತ್ರ. ಮೂರು ಕಂಬದ ಹಾಯಿ ಹಡಗು. ಹಗ್ಗ, ಕಂಬ, ಹಾಯಿ ಎಲ್ಲ ಎಣಿಸಬಹುದಾದಷ್ಟು ಸ್ಪಷ್ಟವಾಗಿತ್ತು. ಚಿತ್ರದ ಮೇಲ್ತುದಿಯನ್ನು ಮಾತ್ರ ಗೆದ್ದಲು ತಿಂದಿತ್ತು. ಕಂಬದ ನೆತ್ತಿಯಲ್ಲಿ ಬಾವುಟ ಇದ್ದ ಜಾಗ ಪೂರ್ತಿ ಹೋಗಿತ್ತು. ಇರಲಿ, ಅಲ್ಲಿ ಬ್ರಿಟಿಷರ ಬಾವುಟ ಇದ್ದಿರಬೇಕು, ನಾನು ನಮ್ಮದು ಹಾಕುತ್ತೇನೆ ಅಂದುಕೊಂಡೆ. ಈ ಗೆದ್ದಲಿನ ಮಾತನ್ನು ನೆನಪಿಟ್ಟುಕೊಳ್ಳಿ.

ನಿಜವಾದ ಹಡಗಿನ ಒಂದು ಅಡಿಗೆ ನನ್ನದು ಕಾಲು ಇಂಚು ಎಂದು ಅಳತೆ ಹಾಕಿಕೊಂಡೆ. ಬೆಟಗೇರಿಯ ನಮ್ಮ ಮನೆಯಲ್ಲಿ ಮುರಿದುಬಿದ್ದಿದ್ದ ಹಳೆಯ ಮಗ್ಗದಿಂದ ಬಟ್ಟೆ ಸುತ್ತುವ ತೇಗದ ದಿಂಡನ್ನು ತಂದು ಸೀಳಿದೆ. ಅದರಲ್ಲೇ ಹಡಗಿನ ಬೆನ್ನುಮರ, ಪಕ್ಕೆಗಳು. ಪಕ್ಕೆಗೆ ಹೊದಿಸುವ ಪಟ್ಟಿಗಳನ್ನು ಬಿಸಿನೀರಲ್ಲಿ ನೆನೆಸಿ, ಬಗ್ಗಿಸಿ, ಬಿದಿರಿನ ಸಣ್ಣ ಮೊಳೆಗಳಿಂದ ಕೂಡಿಸಿದೆ. ಆ ಚಳಿಗಾಲದಲ್ಲಿ ಕಪ್ಪತಗುಡ್ಡದ ಕಡೆಯಿಂದ ಒಣಗಾಳಿ ಬೀಸಿದ್ದೇ ಬೀಸಿದ್ದು. ತುಟಿ ಒಡೆದ ಹಾಗೆ ಪಟ್ಟಿಗಳೂ ಒಡೆದವು. ಎರಡು ಸಲ ಬಿಚ್ಚಿ ಮತ್ತೆ ಹೊದಿಸಿದೆ. ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಕೂತರೆ ಬೀದಿಯವರೆಲ್ಲ ಕಟ್ಟೆಯ ಮೇಲೆ ಜಮಾಯಿಸುತ್ತಿದ್ದರು.

"ಮಾಸ್ತರ, ಇದು ನೀರಾಗ ತೇಲತೈತೇನ್ರಿ?"

"ತೇಲತೈತಿ. ಮೊದಲ ಶಿರಹಟ್ಟ್ಯಾಗ ಅಷ್ಟ ನೀರ ತೋರಸ್ರಿ" ಅನ್ನುತ್ತಿದ್ದೆ.

ಹಡಗಿನ ಕಂಬಗಳನ್ನು ಎರಡೂ ಬದಿಯಿಂದ ಬಿಗಿಹಿಡಿಯುವ ಹಗ್ಗಗಳ ಬುಡದಲ್ಲಿ ಚಿತ್ರದವನು ಮೂರು ತೂತಿನ ಚಪ್ಪಟೆ ಗುಂಡುಗಳನ್ನು ಬರೆದಿದ್ದ. ಅಷ್ಟು ಸಣ್ಣ ಗುಂಡು ಕಟ್ಟಿಗೆಯಲ್ಲಿ ಮಾಡಹೋದರೆ ಸಿಡಿದು ಸೀಳಿಹೋಗುತ್ತಿತ್ತು. ನಾಲ್ಕು ದಿನ ತಲೆ ಕೆಡಿಸಿಕೊಂಡೆ. ಐದನೆಯ ದಿನ ಹುಣಸೆಹಣ್ಣು ಬಿಡಿಸುತ್ತಿದ್ದ ನನ್ನ ಹೆಂಡತಿ ನೀಲಾ ಒಂದು ಹುಣಸೆ ಬೀಜವನ್ನು ನನ್ನ ಮುಂದೆ ಇಟ್ಟು, "ಇದು ಆಗಂಗಿಲ್ಲೇನ್ರಿ?" ಅಂದಳು. ಕಾದ ದಬ್ಬಣದಿಂದ ಮೂರು ತೂತು ಹಾಕಿದೆ. ಚಿತ್ರದಲ್ಲಿದ್ದದ್ದೇ ಎದ್ದು ಬಂದಂತೆ ಕಂಡಿತು. ಖುಷಿಯಿಂದ ಅವಳನ್ನು ಎತ್ತಿಕೊಳ್ಳಬೇಕು ಅನ್ನಿಸಿತು. ಆದರೆ ಕಟ್ಟೆಯ ಮೇಲೆ ಜನ ಇದ್ದರು, ಅವಳು ಬಸುರಿ ಬೇರೆ.

ನೀಲಾ ಅಸುಂಡಿಯ ಒಕ್ಕಲುತನದ ಮನೆಯವಳು. ದೇವರ ಬತ್ತಿ ಹೊಸೆದು ಹೊಸೆದು ಅವಳ ಕೈ ಎಷ್ಟು ಪಳಗಿತ್ತೆಂದರೆ, ಬೆಟಗೇರಿಯ ನೂಲಿನ ಎಳೆ ಕೊಟ್ಟು "ಇಷ್ಟು ದಪ್ಪ" ಎಂದರೆ ಸಾಕು, ಎರಡೆಳೆ, ಮೂರೆಳೆ, ಆರೆಳೆ, ಬೇಕಾದ ಹಗ್ಗ ತೊಡೆಯ ಮೇಲೆ ಹೊಸೆದು ಕೊಡುತ್ತಿದ್ದಳು. ಕಂಬ ಹಿಡಿಯುವ ಹಗ್ಗಗಳಿಗೆ ದೀಪದ ಮಸಿ, ಹಾಯಿ ಎಳೆಯುವ ಹಗ್ಗಗಳಿಗೆ ಬರೀ ಜೇನುಮೇಣ. ಗಂಟು ಹಾಕುವುದು ನನ್ನ ಪಾಲು. ಹರಿದ ಎಳೆಯನ್ನು ಕಣ್ಣಿಗೆ ಕಾಣದ ಹಾಗೆ ಕೂಡಿಸುವ ನೇಕಾರರ ಗಂಟು ನನಗೆ ಹುಟ್ಟಿನಿಂದ ಬಂದದ್ದು. ಇನ್ನು ಹಾಯಿ: ತೆಳುಬಟ್ಟೆಯನ್ನು ಜೋಳದ ಗಂಜಿಯಲ್ಲಿ ಅದ್ದಿ, ಮಗುಚಿಟ್ಟ ತಂಬಿಗೆಯ ಹೊಟ್ಟೆಯ ಮೇಲೆ ಹರವಿ ಒಣಗಿಸಿದೆ. ಒಣಗಿದ ಮೇಲೆ ತೆಗೆದರೆ ಗಾಳಿ ತುಂಬಿದ ಹಾಯಿ! ಹೆಬ್ಬೆರಳಿನಷ್ಟು ತ್ರಿವರ್ಣ ಬಾವುಟಕ್ಕೂ ಗಂಜಿ ಕೊಟ್ಟು, ಹಾರುತ್ತಿರುವ ಹಾಗೆ ಅಲೆ ಮಾಡಿ, ನಡುಗಂಬದ ನೆತ್ತಿಗೆ ಎರಡು ಗಂಟು ಹಾಕಿ ಕಟ್ಟಿದೆ. ಚಿತ್ರದ ಬಾವುಟ ಗೆದ್ದಲಿನ ಹೊಟ್ಟೆ ಸೇರಿತ್ತಲ್ಲ, ದಿಕ್ಕು ನಾನೇ ಊಹಿಸಿದೆ: ಹಡಗು ಮುಂದಕ್ಕೆ ಹೋಗುತ್ತಿದೆ, ಬಾವುಟ ಹಿಂದಕ್ಕೆ ಹಾರುತ್ತಿದೆ. ನೋಡಿ ನೋಡಿ ನನಗೆ ನಾನೇ ಭೇಷ್ ಅಂದುಕೊಂಡೆ.

ಅಷ್ಟರಲ್ಲಿ ಅಸುಂಡಿಯಿಂದ ನನ್ನ ಅತ್ತೆ ಶಂಕ್ರವ್ವ ಬಂದರು. ಕಣದ ಕೆಲಸ ಮುಗಿಸಿ, ಮಗಳಿಗೆ ಕುಬಸ, ಅಂದರೆ ಸೀಮಂತ ಮಾಡಿ, ಬಾಣಂತನಕ್ಕೆ ಕರೆದೊಯ್ಯಲು ಬಂದವರು. ಎರಡು ದಿನ ಇದ್ದು ಹೊರಡುವವರಿದ್ದರು. ಮಗಳು ಹಟ ಹಿಡಿದಳು: "ಹಗ್ಗ ಮುಗಿಯೂಮಟ ನಾ ಬರಂಗಿಲ್ಲವ್ವಾ." ಬಸುರಿಯ ಆಸೆಗೆ ಎದುರಾಡುವಂತಿಲ್ಲ. ಪಾಪ, ಅತ್ತೆ ನಮ್ಮ ಎರಡೇ ಕೋಣೆಯ ಮನೆಯಲ್ಲಿ ಸಿಕ್ಕಿಬಿದ್ದರು. ಪಾಪ ಯಾಕೆಂದರೆ, ಅವರು ಹಳೆಯ ಕಾಲದವರು. ಅಳಿಯನ ಎದುರು ನಿಲ್ಲುವಂತಿಲ್ಲ, ಮುಖ ಕೊಟ್ಟು ಮಾತಾಡುವಂತಿಲ್ಲ. ನನ್ನ ಮದುವೆಯಾಗಿ ಮೂರು ವರ್ಷವಾಗಿತ್ತು. ಅತ್ತೆಯ ದನಿ ನನಗೆ ಬಾಗಿಲ ಹಿಂದಿನಿಂದಲೇ ಪರಿಚಯ. ನನಗೆ ಹೇಳಬೇಕಾದ್ದನ್ನೆಲ್ಲ ಮಗಳಿಗೆ ಹೇಳುತ್ತಿದ್ದರು, ನಾನು ಎರಡು ಮಾರು ದೂರದಲ್ಲೇ ಕೂತಿದ್ದರೂ.

ಒಂದು ಮಧ್ಯಾಹ್ನ ಒಳಗಿನಿಂದ ದನಿ ಬಂತು: "ನೀಲಾ, ಅವರಿಗೆ ಹೇಳು, ಬಾವುಟ ಉಲ್ಟಾ ಆಗೇತಿ ಅಂತ."

ನಾನು ನಕ್ಕೆ. "ನಿಮ್ಮವ್ವಗ ಹೇಳು, ಸೈಕಲ್ಲಿಗೆ ಬಾವುಟ ಕಟ್ಟಿ ಹೊಡದ್ರ ಅದು ಹಿಂದಕ್ಕನ ಹಾರತೈತಿ ಅಂತ."

"ಸೈಕಲ್ಲ ಅವರು ತುಳೀತಾರವಾ. ಇದನ್ನ ಯಾರ ತುಳೀತಾರ ಅಂತ ಕೇಳು. ಗಾಳಿನ ಅಲ್ಲೇನು ದೂಡೂದು? ಹಾಯಿ ಆ ಕಡೆ ಉಬ್ಬೈತಿ, ಬಾವುಟ ಈ ಕಡೆ ಹಾರೈತಿ. ಅವರ ಹಡಗಿಗೆ ಎರಡ ಗಾಳಿ ಅದಾವೇನು ಕೇಳು."

ಕಟ್ಟೆಯ ಮೇಲೆ ಕೂತಿದ್ದ ಇಬ್ಬರು ಕಿಸಕ್ಕೆಂದು ನಕ್ಕರು. ಅಲ್ಲಿಗೆ ನನ್ನ ತಲೆ ಕೆಟ್ಟಿತು. "ಕಡಲ ಯಾವ ದಿಕ್ಕಿಗೆ ಐತಿ ಅನ್ನೂದಾದ್ರೂ ಗೊತ್ತೈತೇನು ನಿಮ್ಮವ್ವಗ? ಕಣದಾಗ ಜ್ವಾಳಾ ತೂರೋರು ಹಡಗಿನ ಮಾತ ಯಾಕ ಆಡಬೇಕು?" ಎಂದು ಒದರಿಬಿಟ್ಟೆ.

ನೀಲಾ ಹೊಸೆಯುವುದನ್ನು ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ. "ನೀವರ ನೋಡೀರೇನು?" ಎಂದು ಮೆಲ್ಲಗೆ ಕೇಳಿದಳು. ನಾನು ಎದ್ದು ಶಾಲೆಯ ಕಡೆ ಹೋಗಿಬಿಟ್ಟೆ. ಆಮೇಲೆ ಹೊರಡುವ ದಿನದವರೆಗೂ ಬಾಗಿಲ ಹಿಂದಿನಿಂದ ನನಗೊಂದು ಮಾತು ಬರಲಿಲ್ಲ. ಊಟ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಅವರು ಮಾಡಿದ ಪುಂಡಿಪಲ್ಯವನ್ನು ಎರಡೆರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ. ಆದರೂ ತಪ್ಪಾಯಿತು ಅನ್ನಲಿಲ್ಲ. ಬಾವುಟವನ್ನೂ ತಿರುಗಿಸಲಿಲ್ಲ.

ಪ್ರದರ್ಶನದ ದಿನ ಮೂವರೂ ಒಟ್ಟಿಗೆ ಹೊರಟೆವು. ನಾನು ಗದಗಿಗೆ, ಅವರಿಬ್ಬರು ಗದಗಿನಿಂದ ಎತ್ತಿನ ಚಕ್ಕಡಿಯಲ್ಲಿ ಅಸುಂಡಿಗೆ. ಹಡಗನ್ನು ಅಗಲ ಬುಟ್ಟಿಯಲ್ಲಿ ಅರಳೆ ಒತ್ತಿ ಕೂಡಿಸಿದ್ದೆ. ಬಸ್ಸಿನಲ್ಲಿ ನನಗೆ ನಿಲ್ಲಲು ಮಾತ್ರ ಜಾಗ ಸಿಕ್ಕಿತು. ಕಿಟಕಿಗಳಿಗೆ ಗಾಜಿಲ್ಲ, ಗಾಳಿ ರೊಯ್ಯೆಂದು ನುಗ್ಗುತ್ತಿತ್ತು. ಯಾರಿಗೂ ಏನೂ ಹೇಳದೆ ಶಂಕ್ರವ್ವ ಬುಟ್ಟಿಯನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಸೆರಗನ್ನು ಅದರ ಸುತ್ತ ಗೋಡೆಯ ಹಾಗೆ ಹಿಡಿದು, ಗದಗಿನವರೆಗೆ ಹಾಗೇ ಕೂತರು. ಒಂದು ಎಳೆಯೂ ಸಡಿಲಾಗಲಿಲ್ಲ.

ಪ್ರದರ್ಶನ ಒಂದು ಶಾಲೆಯ ದೊಡ್ಡ ಕೋಣೆಯಲ್ಲಿ. ಕುರ್ಚಿಗಳೇ ಕುರ್ಚಿಗಳು! ಹದಿನೈದು ಕುರ್ಚಿಗಳ ನಡುವೆ ನನ್ನ ಒಂದು ಹಡಗು. ಎದೆ ಉಬ್ಬಿತು. ಚಕ್ಕಡಿ ಇನ್ನೂ ಬಂದಿರಲಿಲ್ಲವಾದ್ದರಿಂದ ತಾಯಿ ಮಗಳು ಗೋಡೆಯ ಬದಿಗೆ ನಿಂತಿದ್ದರು. ನಾನು ಹೆಸರು ಬರೆಸಲು ಆಚೆ ಕೋಣೆಗೆ ಹೋಗಿ, ಸಹಿ ಮಾಡಿ ಬಂದೆ. ಬಂದು ನೋಡುತ್ತೇನೆ, ಬಾವುಟ ಮುಂದಕ್ಕೆ ತಿರುಗಿದೆ!

"ಯಾರು? ಯಾರ ಮುಟ್ಟಿದ್ದು ಇದನ್ನ?"

ನೀಲಾ ಬಾಯಿ ತೆರೆಯುವ ಮೊದಲೇ ಅವಳ ಹಿಂದಿನಿಂದ ಶಂಕ್ರವ್ವ ಮುಂದೆ ಬಂದರು. ತಲೆಯ ಮೇಲಿನ ಸೆರಗು ಹೆಗಲಿಗೆ ಜಾರಿತ್ತು. ನನ್ನ ಕಣ್ಣಲ್ಲಿ ಕಣ್ಣಿಟ್ಟು ಹೇಳಿದರು: "ನಾ ಮುಟ್ಟೀನಿ. ನಿಮ್ಮ ನೌಕರಿ ಹೋದ್ರ ನನ್ನ ಮಗಳ ಸಂಸಾರ ಏನಾಗಬೇಕು? ಬೈಯೂದಿದ್ರ ಆಮ್ಯಾಲೆ ಬೈರಿ."

ಮೂರು ವರ್ಷದಲ್ಲಿ ಅವರು ನನ್ನೊಡನೆ ನೇರವಾಗಿ ಆಡಿದ ಮೊದಲ ಮಾತು ಅದು. ಬಾವುಟ ತಿರುಗಿಸಲು ಕೈ ಚಾಚಿದೆ. ಅಷ್ಟರಲ್ಲಿ ಅಧಿಕಾರಿಗಳು ನನ್ನ ಮೇಜಿಗೇ ಬಂದುಬಿಟ್ಟರು.

ಮೊನ್ನೆ ಮೊನ್ನೆವರೆಗೆ ಮದ್ರಾಸಿಗೆ ಸೇರಿದ್ದ ಕರಾವಳಿಯ ಮನುಷ್ಯ ಅವರು. ನಾಡು ಒಂದಾಗದಿದ್ದರೆ ಗದಗಿಗೆ ಬರುತ್ತಲೇ ಇರಲಿಲ್ಲ. ಕುರ್ಚಿಗಳನ್ನು ನೋಡಿ ನೋಡಿ ದಣಿದಿದ್ದರು. ಹಡಗನ್ನು ಕಂಡವರೇ ಬಗ್ಗಿ, ಹಗ್ಗಕ್ಕೆ ಮೂಗು ತಾಗುವಷ್ಟು ಹತ್ತಿರ ಹೋದರು. ಹುಣಸೆ ಬೀಜಗಳನ್ನು ನೋಡಿ ನಕ್ಕರು. ಕಡೆಗೆ ಅವರ ಬೆರಳು ನೆತ್ತಿಯ ಬಾವುಟದ ಹತ್ತಿರ ನಿಂತಿತು.

"ಅಲ್ಲ ಮಾರಾಯ್ರೆ, ನಮ್ಮ ಊರಲ್ಲೇ ಇಂಥದ್ದು ಮಾಡುವವರು ಹೆಚ್ಚಿನವರು ಬಾವುಟ ಹಿಂದೆ ಹಾರಿಸಿಬಿಡ್ತಾರೆ. ನೀವು ಸರಿಯಾಗಿ ಮುಂದೆ ಹಾರಿಸಿದ್ದೀರಿ. ಕಡಲಿನ ಮೇಲೆ ಹೋದವರೇ ಇರಬೇಕು ನೀವು, ಅಲ್ವಾ?"

"ಹೌದ್ರಿ" ಅಂದುಬಿಟ್ಟೆ. ಯಾಕೆ ಅಂದೆನೋ ದೇವರಿಗೇ ಗೊತ್ತು.

"ಯಾವ ಬಂದರು?"

ಕಾರವಾರ, ಮಂಗಳೂರು ಎಂದು ಹೆಡ್ ಮಾಸ್ತರರ ಮುಂದೆ ಅಷ್ಟು ಜೋರು ಮಾಡಿದವನಿಗೆ ಆ ಹೊತ್ತಿನಲ್ಲಿ ನೆನಪಿಗೆ ಬಂದದ್ದು ಗದಗಿನ ರೈಲ್ವೆ ಸ್ಟೇಷನ್ ಒಂದೇ.

"ಅಸುಂಡಿ ಕಣರೀ" ಎಂದಿತು ಪಕ್ಕದಿಂದ ಒಂದು ದನಿ.

"ಅಸುಂಡಿಯಾ? ಅದು ಯಾವ ಕಡೆ ಬರ್ತದೆ?"

"ಇಲ್ಲೇರಿ, ಗದಗ ತಾಲೂಕಿನಾಗ" ಅಂದರು ಶಂಕ್ರವ್ವ. ಸೆರಗು ಇನ್ನೂ ಹೆಗಲ ಮೇಲೇ ಇತ್ತು. "ಕಣದಾಗ ರಾಶಿ ಮಾಡುಮುಂದ ಗಾಳಿ ಬೆನ್ನಿಗೆ ಬಂದ್ರ ಸೆರಗ ಮುಂದಕ್ಕ ಹಾರತೈತ್ರಿ, ಹೊಟ್ಟೂ ಮುಂದಕ್ಕ ಹಾರತೈತ್ರಿ. ಸೆರಗ ಒಂದ ಕಡೆ, ಹೊಟ್ಟ ಒಂದ ಕಡೆ ಹಾರಿದ್ದು ನಾ ಹುಟ್ಟಿದಾಗಿಂದ ನೋಡಿಲ್ರಿ. ಕಡಲ ಗಾಳಿ ಬ್ಯಾರೆ ಇರತೈತೇನ್ರಿ?"

ಅಧಿಕಾರಿಗಳು ನಗುವುದನ್ನೂ ಮರೆತು ಅವರನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಜ ಹೇಳಿ. ಕಡಲು ಕಂಡಿದ್ದೀರೋ ಇಲ್ಲವೋ?" ಅಂದರು.

ಇಷ್ಟಾದ ಮೇಲೂ ಸುಳ್ಳು ಹೇಳಿದರೆ ನಾನು ಮನುಷ್ಯನೇ ಅಲ್ಲ. "ಇಲ್ರಿ ಸಾಹೇಬ್ರ. ಸುಳ್ಳ ಹೇಳಿದ್ನಿ. ಬಾವುಟ ಹಿಂದಕ್ಕ ಕಟ್ಟಿದಾಂವಾ ನಾನರಿ. ಈಗ ಸಹಿ ಮಾಡಾಕ ಹೋದಾಗ ನಮ್ಮತ್ತಿಯವರು ತಿರುವಿಟ್ಟಾರ. ಅವರು ಮೊದಲ ಹೇಳಿದ್ರು, ನಾ ಕೇಳಲಿಲ್ರಿ."

ನೌಕರಿ ಹೋಯಿತು ಅಂದುಕೊಂಡೇ ಹೇಳಿದೆ. ಅವರು ಪೆನ್ನು ತೆಗೆದರು. ಬರೆದರು. ಬರೆದದ್ದನ್ನು ನನ್ನ ಕಡೆ ತಿರುಗಿಸಿ ತೋರಿಸಿದರು: "ಸರ್ಟಿಫಿಕೇಟು ಇಲ್ಲ. ಕೈ ಇದೆ. ಮುಂದುವರಿಸಬಹುದು." ಮುಂದಿನ ಮೇಜಿಗೆ ಹೋಗುವಾಗ ತಿರುಗಿ, "ಅತ್ತೆಯವರ ಮಾತು ಕೇಳಿ ಮಾರಾಯ್ರೆ" ಅಂದರು. ಕೋಣೆಯ ತುಂಬ ನಗು. ನಾನೂ ನಕ್ಕೆ, ನಗುತ್ತ ನಗುತ್ತ ಅತ್ತುಬಿಟ್ಟೆ.

ಹೊರಗೆ ಚಕ್ಕಡಿ ಬಂದಿತ್ತು. ನೀಲಾಳನ್ನು ಹತ್ತಿಸಿ ಅತ್ತೆಯ ಕಡೆ ನೋಡಿದೆ. ಸೆರಗು ಮತ್ತೆ ತಲೆಯ ಮೇಲೆ ಬಂದಿತ್ತು, ಮುಖ ಆಚೆ ತಿರುಗಿತ್ತು. "ನೀಲಾ, ಅವರಿಗೆ ಹೇಳು, ಹಸಿದ ಹೊಟ್ಟೀಲೆ ಬಸ್ಸ ಹತ್ತಬ್ಯಾಡ್ರಿ ಅಂತ. ರೊಟ್ಟಿ ಗಂಟ ಕೊಡು."

"ಅತ್ತಿ" ಅಂದೆ. "ನನಗ ಹೇಳ್ರಿ. ಅವತ್ತ ನಾ ಆಡಿದ ಮಾತ ತಪ್ಪಾತ್ರಿ."

ಅವರು ನನ್ನ ಕಡೆ ತಿರುಗಿ, ರೊಟ್ಟಿಯ ಗಂಟನ್ನು ತಾವೇ ನನ್ನ ಕೈಯಲ್ಲಿಟ್ಟರು. "ಆತು ಬಿಡ್ರಿ. ಮೊದಲ ಉಣ್ರಿ."

ಅವತ್ತು ಬಾಗಿಲ ಹಿಂದಿನಿಂದ ಬಂದವರು ಮತ್ತೆ ಬಾಗಿಲ ಹಿಂದೆ ಹೋಗಲಿಲ್ಲ. ಮುಂದೆ ಅವರು ಇರುವವರೆಗೂ ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಮುಖದ ಮೇಲೇ ಹೇಳಿದರು. ಒಮ್ಮೆ ನಾನು ಕಾರವಾರಕ್ಕೆ ಹೋಗಿ ಕಡಲು ನೋಡಿ ಬಂದೆ. ದೋಣಿಯ ಹಾಯಿ, ತುದಿಯ ಬಟ್ಟೆ ಎರಡೂ ಒಂದೇ ಕಡೆ ಹಾರುತ್ತಿದ್ದವು ಎಂದು ಸಂಭ್ರಮದಿಂದ ಹೇಳಿದರೆ, "ಅದನ್ನ ನೋಡಾಕ ಅಷ್ಟ ದೂರ ಹೋಗಿದ್ರೇನು?" ಅಂದರು.

ಈಗ ಹೋದ ತಿಂಗಳ ಸಿಟ್ಟಿನ ಮಾತು. ಗಾಜಿನ ಪೆಟ್ಟಿಗೆಯಲ್ಲಿ ನನ್ನ ಹಡಗಿನ ಬಾವುಟ ಹಿಂದಕ್ಕೆ ಹಾರುತ್ತಿತ್ತು!

"ಯಾರ ಮುಟ್ಟಿದ್ದು ಇದನ್ನ?" ಎಂದೆ. ದನಿ ಜೋರಾಗೇ ಬಂತು.

ತರುಣ ಮಾ‍ಸ್ತರರು ಗಾಬರಿಯಾದರು. "ನಾನರಿ ಸರ. ಯಾರೋ ಉಲ್ಟಾ ಕಟ್ಟಿದ್ರು. ಹಡಗ ಮುಂದ ಹೋಗುಮುಂದ ಬಾವುಟ ಹಿಂದಕ್ಕ ಹಾರಬೇಕಲ್ರಿ? ನನ್ನ ಗಾಡಿಗೂ ಹಂಗ ಹಾರತೈತಿ. ಅದಕ ಸರಿ ಮಾಡಿದ್ನಿ."

ಅವರ ಮುಖ ನೋಡಿದೆ. ಅದೇ ವಯಸ್ಸು, ಅದೇ ಸೊಕ್ಕು. ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಗಾಡಿಗೆ ಎಂಜಿನ್ ಐತಿ. ಇದನ್ನ ಯಾರ ದೂಡ್ತಾರಪಾ?" ಅಂದೆ.

ಅವರು ಉಬ್ಬಿದ ಹಾಯಿ ನೋಡಿದರು, ಬಾವುಟ ನೋಡಿದರು, ಮತ್ತೆ ಹಾಯಿ ನೋಡಿದರು. ಕಿವಿ ಕೆಂಪಾದವು. "ಅಯ್ಯ! ಹೌದಲ್ರೀ. ಇದು ಯಾವ ಪುಸ್ತಕದಾಗ ಐತ್ರಿ ಸರ?"

ಬೆರಳು ನಡುಗುತ್ತವೆ ನನಗೆ ಈಗ. ಎರಡು ಗಂಟು ಬಿಚ್ಚಿ ಬಾವುಟ ತಿರುಗಿಸಿ ಕಟ್ಟಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಪೆಟ್ಟಿಗೆಗೆ ಅಂಟಿಸಿದ ಚೀಟಿ ಓದಿದೆ. "ತಯಾರಿಸಿದವರು" ಎಂದು ನನ್ನ ಹೆಸರೊಂದೇ ಇತ್ತು. ಅದನ್ನು ಬರೆದವನೂ ನಾನೇ, ಅದೇ ವರ್ಷ, ನೌಕರಿ ಗಟ್ಟಿಯಾದ ಖುಷಿಯಲ್ಲಿ. ನಿವೃತ್ತಿಯಾಗುವವರೆಗೆ ದಿನವೂ ಅದರ ಮುಂದೆ ಓಡಾಡಿದ್ದೇನೆ, ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಅದನ್ನು ಹೇಳಲು ಈಗ ನಿಜವಾಗಿ ನಾಚಿಕೆಯಾಗುತ್ತದೆ. ಮಾಸ್ತರರ ಪೆನ್ನು ಇಸಿದುಕೊಂಡು ಕೆಳಗೆ ಇನ್ನೆರಡು ಸಾಲು ಬರೆದೆ:

"ಹಗ್ಗ: ನೀಲವ್ವ.
ಬಾವುಟ ಸರಿಯಾಗಿದೆ, ಯಾರೂ ತಿರುಗಿಸಬಾರದು: ಶಂಕ್ರವ್ವ, ಅಸುಂಡಿ."